ಕಲ್ಲಿನ ಕೆಳಗಿನ ಬೇಟೆಗಾರ ನಮ್ಮ ಶತ್ರುವೇ?

ಮಕ್ಕಳೇ, ಹೊಳೆಯ ದಡದಲ್ಲಿ ಹಾರಾಡುವ ಏರೋಪ್ಲೇನ್ ಚಿಟ್ಟೆಯನ್ನು ನೀವೆಲ್ಲ ನೋಡಿದ್ದೀರಿ. ಅದರ ಬಾಲಕ್ಕೆ ದಾರ ಕಟ್ಟಿ ಆಡಿದವರೂ ಇರಬಹುದು! ಆದರೆ ಅದು ತನ್ನ ಬಾಲ್ಯವನ್ನು ಎಲ್ಲಿ ಕಳೆಯುತ್ತದೆ ಗೊತ್ತೇ? ನೀರಿನೊಳಗೆ.

ಮಲೆನಾಡಿನ ಹೊಳೆ, ಹಳ್ಳಗಳಲ್ಲಿ ಕಲ್ಲಿನ ಕೆಳಗೆ, ಮರಳಿನಲ್ಲಿ, ಕೊಳೆತ ಎಲೆಗಳ ನಡುವೆ ಇದರ ಮರಿ ಅಡಗಿರುತ್ತದೆ. ಮಣ್ಣಿನ ಬಣ್ಣ, ಆರು ಕಾಲು. ಬೇಟೆ ಹತ್ತಿರ ಬರುವವರೆಗೂ ಅಲುಗಾಡದೆ ಕಾಯುತ್ತದೆ. ಬಂದೊಡನೆ, ತಲೆಯ ಕೆಳಗೆ ಮಡಚಿಟ್ಟುಕೊಂಡಿದ್ದ ಕೆಳತುಟಿಯನ್ನು ತೋಳಿನಂತೆ ಮುಂದಕ್ಕೆ ಚಾಚುತ್ತದೆ. ತುಟಿಯ ತುದಿಯಲ್ಲಿರುವ ಕೊಕ್ಕೆಗಳು ಬೇಟೆಯನ್ನು ಹಿಡಿದು ಬಾಯಿಗೆ ತರುತ್ತವೆ. ಕಣ್ಣು ಮಿಟುಕಿಸುವುದರೊಳಗೆ ಎಲ್ಲ ಮುಗಿದಿರುತ್ತದೆ!

ಚಿಕ್ಕದಿದ್ದಾಗ ಇದರ ಆಹಾರ ನೀರಿನಲ್ಲಿರುವ ಅತಿ ಸಣ್ಣ ಜೀವಿಗಳು. ಬೆಳೆದಂತೆ ಸೊಳ್ಳೆಯ ಮರಿ, ಬೇರೆ ಕೀಟಗಳ ಮರಿ, ಗೊದಮೊಟ್ಟೆ, ಪುಟ್ಟ ಮೀನುಮರಿಗಳನ್ನೂ ತಿನ್ನುತ್ತದೆ. ತನ್ನದೇ ಜಾತಿಯ ಚಿಕ್ಕ ಮರಿ ಸಿಕ್ಕರೂ ಬಿಡದು.

"ಮೀನುಮರಿ ತಿನ್ನುತ್ತದೆಯೇ? ಹಾಗಾದರೆ ಅದು ಶತ್ರು" ಎನ್ನುತ್ತೀರಾ? ಮೀನುಮರಿ ಸಾಕುವ ಕೊಳದಲ್ಲಿ ಈ ಮಾತು ಸರಿ. ಅದಕ್ಕೆಂದೇ ಅಲ್ಲಿ ಮೀನುಮರಿ ಬಿಡುವ ಮೊದಲು ನೀರಿನ ಕೀಟಗಳನ್ನು ತೆಗೆಯುತ್ತಾರೆ. ಆದರೆ ಹೊಳೆ ಸಾಕಣೆಯ ಕೊಳವಲ್ಲ. ಅಲ್ಲಿ ಈ ಪುಟ್ಟ ಬೇಟೆಗಾರನೇ ದೊಡ್ಡ ಮೀನಿಗೆ, ಏಡಿಗೆ, ಹಕ್ಕಿಗೆ ಊಟ. ಇಂದು ಮೀನುಮರಿಯನ್ನು ತಿಂದದ್ದು ನಾಳೆ ಮೀನಿನ ಹೊಟ್ಟೆ ಸೇರಬಹುದು.

ಹೊಳೆಯ ನಿಜವಾದ ಶತ್ರು ಬೇರೆಯೇ ಇದೆ. ಬೇಸಿಗೆಯಲ್ಲಿ ನೀರು ಬತ್ತಿ ಗುಂಡಿಗಳಷ್ಟೇ ಉಳಿದಾಗ ಕೆಲವರು ಬ್ಲೀಚಿಂಗ್ ಪುಡಿ ಸುರಿದು ಮೀನು ಹಿಡಿಯುತ್ತಾರೆ. ತೇಲಿದ ದೊಡ್ಡ ಮೀನುಗಳನ್ನು ಆರಿಸಿಕೊಂಡು ಹೋಗುತ್ತಾರೆ. ಕಲ್ಲಿನ ಕೆಳಗೆ ಸತ್ತ ಮರಿಗಳನ್ನು ಯಾರೂ ಎಣಿಸುವುದಿಲ್ಲ. "ಮಳೆ ಬಂದರೆ ಮೀನು ಮತ್ತೆ ಬರುತ್ತದೆ ಬಿಡು" ಎನ್ನುತ್ತಾರೆ. ಬರಬಹುದು. ಆದರೆ ಬಂದ ಮೀನು ತಿನ್ನುವುದೇನನ್ನು?

ಮೀನು ಹಿಡಿಯುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಗಾಳ ಇದೆ, ಬಲೆ ಇದೆ. ವಿಷ ಮಾತ್ರ ಬೇಡ.

ಹಿರಿಯರ ಜೊತೆ ಹೊಳೆಗೆ ಹೋದಾಗ ದಡದ ಬಳಿಯ ಒಂದು ಕಲ್ಲನ್ನು ಮೆಲ್ಲನೆ ಎತ್ತಿ ನೋಡಿ. ನೋಡಿದ ಮೇಲೆ ಇದ್ದ ಹಾಗೆಯೇ ಇಡಿ. ಅಲ್ಲಿ ಕಂಡದ್ದನ್ನು ಮನೆಯಲ್ಲಿ ಹೇಳಿ. ಹೊಳೆಗೆ ಪುಡಿ ಸುರಿಯುವವರು ನಿಮ್ಮೂರಿನಲ್ಲಿದ್ದರೆ, ನಿಮ್ಮ ಮಾತು ಅವರ ಕಿವಿಗೂ ಬೀಳಲಿ. ಏನಂತೀರಿ?