‘ಸರ್ವರ್ ಇಲ್ಲ, ನಾಳೆ ಬನ್ನಿ’ ಅನ್ನಿಸಿಕೊಂಡದ್ದು ಸಾಕು!

ಸರ್ವರ್ ಅಂದರೆ ಮೊದಲು ನಮ್ಮಲ್ಲಿ ಒಂದೇ ಅರ್ಥವಿತ್ತು. ಹೋಟೆಲಿನಲ್ಲಿ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಮಸಾಲೆ ದೋಸೆ ತಂದಿಡುವಾತ ಸರ್ವರ್. ಕರೆದರೆ ಬರುತ್ತಿದ್ದ, ಕೇಳಿದ್ದು ಕೊಡುತ್ತಿದ್ದ. ಈಗಿನ ಸರ್ವರ್ ಹಾಗಲ್ಲ. ಪಹಣಿ ಕೇಳಿದರೆ ‘ಸರ್ವರ್ ಇಲ್ಲ’. ಜಾತಿ ಪ್ರಮಾಣಪತ್ರ ಕೇಳಿದರೆ ‘ಸರ್ವರ್ ಬ್ಯುಸಿ’. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ‘ಸರ್ವರ್ ಡೌನ್, ನಾಳೆ ಬನ್ನಿ’. ನಂದಿಯ ತಪ್ಪಲಿನ ಹಳ್ಳಿಯ ಅಜ್ಜಿಗೂ ಇವತ್ತು ಈ ಪದ ಗೊತ್ತು. ಆದರೆ ಈ ಸರ್ವರ್ ಎಲ್ಲಿದೆ? ಅದರ ಬೀಗದ ಕೈ ಯಾರ ಹತ್ತಿರ ಇದೆ? ನಮ್ಮ ಹುಡುಗರು ಅಂಥದ್ದೊಂದನ್ನು ಕಟ್ಟಲಾರರೆ? ಈ ಪ್ರಶ್ನೆಗಳನ್ನು ಕೇಳಿದವರು ಎಷ್ಟು ಮಂದಿ?

ಕೇಳೋಣ. ಇವತ್ತಿನ ಸಂಪಾದಕೀಯ ಅದಕ್ಕೇ.

ಸರ್ವರ್ ಎಂದರೆ ಗರ್ಭಗುಡಿಯ ದೇವರೇನೂ ಅಲ್ಲ. ಹಗಲೂ ರಾತ್ರಿ ಚಾಲೂ ಇರುವ, ದೂರದಿಂದ ಕೇಳಿದವರಿಗೆ ಉತ್ತರ ಕೊಡುವ ಒಂದು ಕಂಪ್ಯೂಟರ್, ಅಷ್ಟೆ. ಅದರಲ್ಲಿ ಒಂದು ಬಗೆ ರಿಮೋಟ್ ಡೆಸ್ಕ್‌ಟಾಪ್ ಸರ್ವರ್. ಯಂತ್ರ ಇಲ್ಲಿರುತ್ತದೆ, ನೀವು ಎಲ್ಲೋ ಇರುತ್ತೀರಿ. ಆ ಯಂತ್ರದ ಪರದೆಯ ಚಿತ್ರ ನಿಮ್ಮ ಪರದೆಗೆ ಬರುತ್ತದೆ. ನೀವು ಒತ್ತಿದ ಕೀಲಿ, ಆಡಿಸಿದ ಮೌಸ್ ಅಲ್ಲಿಗೆ ಹೋಗುತ್ತದೆ. ಕೆಲಸವೆಲ್ಲ ನಡೆಯುವುದು ಆ ಯಂತ್ರದಲ್ಲಿ. ಮೈಕ್ರೋಸಾಫ್ಟ್ ಕಂಪನಿ ಈ ಸೌಕರ್ಯವನ್ನು 1998ರಲ್ಲೇ ಎನ್‌ಟಿ 4.0 ಟರ್ಮಿನಲ್ ಸರ್ವರ್‌ನಲ್ಲಿ ಕೊಟ್ಟಿತು. 2001ರಲ್ಲಿ ಬಂದ ಎಕ್ಸ್‌ಪಿ ಪ್ರೊಫೆಷನಲ್‌ನಲ್ಲಿ ಅದು ಮಾಮೂಲಾಯಿತು. ಅಂದರೆ ಇದು ಕಾಲು ಶತಮಾನ ಹಳೆಯ ವಿದ್ಯೆ. ಪಿಯುಸಿ ಓದಿ ಪ್ರೆಸ್ಸಿನ ಮಸಿ ಮೆತ್ತಿಕೊಂಡ ನನಗೆ ಅರ್ಥವಾದದ್ದು, ಡಿಪ್ಲೊಮಾ, ಬಿ.ಇ., ಬಿಸಿಎ ಓದಿದ ನಿಮಗೆ ಅರ್ಥವಾಗದೆ?

ಇದರಿಂದ ನಮಗೇನು ಲಾಭ ಅನ್ನುತ್ತೀರಾ? ಬೆಳಗಿನ ಜಾವ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರಿನ ಬಸ್ ನಿಲ್ದಾಣಗಳಿಗೆ ಹೋಗಿ ನೋಡಿ. ಊಟದ ಡಬ್ಬಿ ಹಿಡಿದು ಬೆಂಗಳೂರಿನ ಬಸ್ಸಿಗೆ, ರೈಲಿಗೆ ಓಡುವ ನಮ್ಮ ತಮ್ಮಂದಿರು, ತಂಗಿಯರು. ಹೋಗಿ ಬರುವುದರಲ್ಲೇ ದಿನಕ್ಕೆ ಮೂರು ನಾಲ್ಕು ಗಂಟೆ ಮುಗಿಯುತ್ತದೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು ಓದುವ ಹಂಬಲಕ್ಕೆ ಬೆಂಗಳೂರಿಗೆ ನಡೆದೇ ಹೋದವರು. ಆ ಕಾಲದಲ್ಲಿ ಬೇರೆ ದಾರಿ ಇರಲಿಲ್ಲ. ಇವತ್ತು ಬೆಂಗಳೂರಿನ ಕೆಲಸವೇ ತಂತಿಯ ಮೇಲೆ ನಡೆದು ನಮ್ಮೂರಿಗೆ ಬರಬಹುದು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ನೋಡಿದಿರಲ್ಲ? ಊರಿಗೆ ವಾಪಸ್ ಬಂದ ಹುಡುಗರು ತಾರಸಿ ಮೇಲೆ ಸಿಗ್ನಲ್ ಹುಡುಕಿಕೊಂಡು, ಬೆಂಗಳೂರಿನ ಕಂಪನಿಯ ಯಂತ್ರಕ್ಕೆ ದೂರದಿಂದ ಸೇರಿಕೊಂಡು ತಿಂಗಳಾನುಗಟ್ಟಲೆ ಕೆಲಸ ಮಾಡಿದರು. ಯಾವ ಕಂಪನಿಯೂ ಮುಳುಗಲಿಲ್ಲ!

ಅದಕ್ಕಿಂತ ದೊಡ್ಡ ಸಾಕ್ಷಿ ನಮ್ಮ ಪಕ್ಕದಲ್ಲೇ ಇದೆ. ಚಿಂತಾಮಣಿಯಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲಿ ಹೊಸಕೋಟೆ ಸಿಗುತ್ತದಲ್ಲ, ಅಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೊಫಿಸಿಕ್ಸ್‌ನ ಕ್ರೆಸ್ಟ್ ಕೇಂದ್ರವಿದೆ. ಲಡಾಖಿನ ಹಾನ್ಲೆಯಲ್ಲಿ ಸಮುದ್ರಮಟ್ಟಕ್ಕಿಂತ 4,500 ಮೀಟರ್ ಎತ್ತರದಲ್ಲಿ 2 ಮೀಟರ್ ಕನ್ನಡಿಯ ದೂರದರ್ಶಕ ಒಂದಿದೆ. ಉಸಿರಾಡುವುದೇ ಕಷ್ಟವಾದ ಜಾಗ. ವಿಜ್ಞಾನಿಗಳು ಹೊಸಕೋಟೆಯಲ್ಲಿ ಕೂತು ಉಪಗ್ರಹ ಸಂಪರ್ಕದ ಮೂಲಕ ಅದನ್ನು ತಿರುಗಿಸುತ್ತಾರೆ, ನಕ್ಷತ್ರಗಳ ಚಿತ್ರ ತೆಗೆಯುತ್ತಾರೆ. 2001ರಿಂದ ಬಂದ ಏರ್ಪಾಡು ಇದು. ಹೊಸಕೋಟೆಯಿಂದ ಹಿಮಾಲಯದ ಯಂತ್ರವನ್ನು ಆಡಿಸಬಹುದಾದರೆ, ಗೌರಿಬಿದನೂರಿನ ಮನೆಯಿಂದ ಚಿಕ್ಕಬಳ್ಳಾಪುರದ ಅಂಗಡಿಯ ಕಂಪ್ಯೂಟರನ್ನು ಆಡಿಸಲಾಗದೆ?

ಇನ್ನು ‘ಕನ್ನಡದಲ್ಲಿ ಇದೆಲ್ಲ ಆಗುವುದಿಲ್ಲ’ ಎಂದು ಮೂಗು ಮುರಿಯುವವರಿಗೆ ಒಂದು ಮಾತು. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯವರು ರಾಜ್ಯದ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದರು. ಕನ್ನಡದಲ್ಲೇ ಏರಿಸಿದರು. ಸರ್ವೆ ನಂಬರ್, ಖಾತೆದಾರನ ಹೆಸರು, ಬೆಳೆ, ಋಣ ಎಲ್ಲವೂ ಕನ್ನಡದಲ್ಲಿ ಅಚ್ಚಾಗಿ ರೈತನ ಕೈಗೆ ಬಂತು. 2 ಕೋಟಿ ದಾಖಲೆಗೆ ಸಾಕಾದ ಕನ್ನಡ ನಿಮ್ಮ ಅಂಗಡಿಯ ಬಿಲ್ಲಿಗೆ ಸಾಲದೆ? ಸಾಲದಿರುವುದು ಕನ್ನಡವಲ್ಲ ಸ್ವಾಮಿ, ಮನಸ್ಸು!

ನನ್ನ ಕಸುಬಿನಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ಜಿಲ್ಲೆಯ ಸಣ್ಣ ಪ್ರೆಸ್ಸುಗಳಲ್ಲಿ ಇವತ್ತಿಗೂ ಪೇಜ್‌ಮೇಕರ್ 7 ಓಡುತ್ತಿದೆ. 2001ರಲ್ಲಿ ಬಂದದ್ದು, ಅದರ ಮೇಲೆ ಹೊಸ ಆವೃತ್ತಿ ಬರಲೇ ಇಲ್ಲ. ಅದರಲ್ಲಿ ಹಳೆಯ ಬಗೆಯ ಕನ್ನಡ ಫಾಂಟುಗಳು. ಕೆಲವು ಕನ್ನಡ ತಂತ್ರಾಂಶಗಳಿಗೆ ಡಾಂಗಲ್ ಬೇಕು. ಅದನ್ನು ಸಿಕ್ಕಿಸಿದ ಒಂದು ಕಂಪ್ಯೂಟರಿನಲ್ಲಿ ಮಾತ್ರ ಕೆಲಸ. ಮದುವೆ ಸೀಜನ್ ಬಂದರೆ ಲಗ್ನಪತ್ರಿಕೆ, ಊರಬ್ಬದ ಕರಪತ್ರ, ಶಾಲೆಯ ಪ್ರಶ್ನೆಪತ್ರಿಕೆ ಎಲ್ಲವೂ ಅದೇ ಯಂತ್ರದ ಮುಂದೆ ಸಾಲುಗಟ್ಟುತ್ತವೆ. ಡಿಟಿಪಿ ಕಲಿತ ಎಷ್ಟೋ ಹೆಣ್ಣುಮಕ್ಕಳು ಮದುವೆಯಾಗಿ, ಮಗುವಾಗಿ ಮನೆಯಲ್ಲಿ ಕೂತಿದ್ದಾರೆ. ಕೈಯಲ್ಲಿ ಕಸುಬಿದೆ, ಪ್ರೆಸ್ಸಿಗೆ ಬರಲು ಆಗುವುದಿಲ್ಲ. ಈ ಒಂದು ಯಂತ್ರಕ್ಕೆ ದೂರದಿಂದ ಸೇರುವ ದಾರಿ ಮಾಡಿದರೆ, ಮಗು ಮಲಗಿದ ಮೇಲೆ ರಾತ್ರಿ ಹತ್ತಕ್ಕೆ ಆಕೆ ಮನೆಯಿಂದಲೇ ಪುಟ ಕಟ್ಟಬಹುದು. ಬೆಳಗ್ಗೆ ನಾವು ಪ್ಲೇಟ್ ಮಾಡಿಸಬಹುದು. ಬರುವುದು ಬರೀ ಪರದೆಯ ಚಿತ್ರವಾದ್ದರಿಂದ ಆಕೆಯ ಲ್ಯಾಪ್‌ಟಾಪಿನಲ್ಲಿ ಕನ್ನಡದ ಆ ಫಾಂಟು ಇರಬೇಕಾದ್ದೇ ಇಲ್ಲ. ಪ್ರೆಸ್ಸಿನ ಯಂತ್ರದಲ್ಲಿದ್ದರೆ ಸಾಕು.

ಪ್ರೆಸ್ಸಿಗೆ ಮಾತ್ರವಲ್ಲ. ಚಿಂತಾಮಣಿಯ ಮಂಡಿ ವರ್ತಕರು, ಶಿಡ್ಲಘಟ್ಟದ ರೀಲರುಗಳು ಲೆಕ್ಕವನ್ನು ಟ್ಯಾಲಿಯಲ್ಲಿ ಇಡುತ್ತಾರೆ. ಲೆಕ್ಕ ಬರೆಯುವವರು ನಾಲ್ಕು ಅಂಗಡಿ ಸುತ್ತುವ ಬದಲು ಒಂದೇ ಕಡೆ ಕೂತು ನಾಲ್ಕಕ್ಕೂ ಬರೆಯಬಹುದು. ನಾಲ್ಕು ಅಂಗಡಿಗೆ ಈ ಏರ್ಪಾಡು ಮಾಡಿ ನೋಡಿಕೊಳ್ಳುವ ಹುಡುಗನಿಗೆ ತಿಂಗಳ ಸಂಬಳ ಊರಲ್ಲೇ ಹುಟ್ಟುತ್ತದೆ. ನಾವು ಹೇಳುತ್ತಿರುವುದು ಈ ಉದ್ಯೋಗದ ಬಗ್ಗೆ.

ಹೇಗೆ ಕಟ್ಟುವುದು? ಮುಖ್ಯವಾದದ್ದನ್ನು ಹೇಳುತ್ತೇನೆ, ಉಳಿದದ್ದು ಕೈಯಾಡಿಸಿದರೆ ಬರುತ್ತದೆ.

ಮೊದಲು ಯಂತ್ರ. ಕಚೇರಿಗಳು ಮಾರುವ ಒಳ್ಳೆ ಸ್ಥಿತಿಯ ಹಳೆ ಕಂಪ್ಯೂಟರ್ ಸಾಕು. 16 ಜಿಬಿ ಮೆಮೊರಿ, ಒಂದು ಎಸ್‌ಎಸ್‌ಡಿ ಹಾಕಿಸಿ. ವಿಂಡೋಸ್ ಆದರೆ ‘ಹೋಮ್’ ಆವೃತ್ತಿ ನಡೆಯದು. ಅದರಿಂದ ಬೇರೆ ಯಂತ್ರಕ್ಕೆ ಹೋಗಬಹುದು, ಬೇರೆಯವರನ್ನು ರಿಮೋಟ್ ಡೆಸ್ಕ್‌ಟಾಪಿನಲ್ಲಿ ಒಳಗೆ ಕರೆಯಲಾಗದು. ‘ಪ್ರೊ’ ಬೇಕು. ಅದರಲ್ಲೂ ಒಮ್ಮೆಗೆ ಒಬ್ಬರೇ. ಹೆಚ್ಚು ಜನ ಏಕಕಾಲಕ್ಕೆ ಕೂರಬೇಕಾದರೆ ವಿಂಡೋಸ್ ಸರ್ವರ್, ಅದರ ಮೇಲೆ ತಲೆಗಿಷ್ಟು ಎಂದು ಲೈಸೆನ್ಸ್. ಕಾಸಿಲ್ಲದವರಿಗೆ ಲಿನಕ್ಸ್ ಇದೆ. ಉಬುಂಟು ಹಾಕಿ, ‘ಎಕ್ಸ್‌ಆರ್‌ಡಿಪಿ’ ಎಂಬ ಬಿಟ್ಟಿ ತಂತ್ರಾಂಶ ಹಾಕಿದರೆ ನಾಲ್ಕೈದು ಜನ ಒಟ್ಟಿಗೆ ಕೆಲಸ ಮಾಡಬಹುದು. ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೊಸದಾಗಿ ಕಟ್ಟುವವರು ಅದರ ಮೇಲೆ ಕಟ್ಟಬೇಡಿ. ಕೆಲವು ಡಾಂಗಲ್‌ಗಳು ದೂರದಿಂದ ಬಂದವರನ್ನು ಒಪ್ಪುವುದಿಲ್ಲ. ಅಂಥ ಕಡೆ ಯಂತ್ರದ ಮುಂದಿನ ಪರದೆಯನ್ನೇ ತೋರಿಸುವ ವಿಎನ್‌ಸಿ ಬಳಸಿ ನೋಡಿ, ಲೈಸೆನ್ಸಿನ ಷರತ್ತನ್ನೂ ಓದಿಕೊಳ್ಳಿ.

ಎರಡನೆಯದು ಕರೆಂಟು. ನಮ್ಮ ಕಡೆ ಕರೆಂಟು ಯಾವಾಗ ಹೋಗುತ್ತದೆ ಎಂದು ನಂದೀಶ್ವರನಿಗೂ ಗೊತ್ತಿಲ್ಲ. ಯಂತ್ರಕ್ಕೆ ಮಾತ್ರ ಯುಪಿಎಸ್ ಕೊಟ್ಟು ರೌಟರನ್ನು ಮರೆಯುವವರಿದ್ದಾರೆ. ರೌಟರ್ ಸತ್ತರೆ ಯಂತ್ರ ಬದುಕಿದ್ದೂ ಪ್ರಯೋಜನವಿಲ್ಲ. ಎರಡಕ್ಕೂ ಕೊಡಿ. ಕರೆಂಟು ವಾಪಸ್ ಬಂದಾಗ ಯಂತ್ರ ತಾನೇ ಚಾಲೂ ಆಗುವಂತೆ ಬಯೋಸ್‌ನಲ್ಲಿ ಒಂದು ಸೆಟ್ಟಿಂಗ್ ಇರುತ್ತದೆ. ಅದನ್ನು ಆನ್ ಮಾಡಿ. ಇಲ್ಲದಿದ್ದರೆ ರಾತ್ರಿ ಹನ್ನೊಂದಕ್ಕೆ ಬಟನ್ ಒತ್ತಲು ಅಂಗಡಿಯ ಶಟರ್ ಎತ್ತಬೇಕಾದೀತು.

ಮೂರನೆಯದು ಬಾಗಿಲು. ಇದನ್ನು ಎರಡು ಸಲ ಓದಿ. ರಿಮೋಟ್ ಡೆಸ್ಕ್‌ಟಾಪ್ 3389 ಎಂಬ ಪೋರ್ಟಿನಲ್ಲಿ ಕೇಳಿಸಿಕೊಳ್ಳುತ್ತದೆ. ರೌಟರಿನಲ್ಲಿ ಆ ಪೋರ್ಟನ್ನು ನೇರವಾಗಿ ಇಂಟರ್‌ನೆಟ್ಟಿಗೆ ತೆರೆಯಬೇಡಿ. ತೆರೆಯುವುದೆಂದರೆ ಹೆದ್ದಾರಿ ಪಕ್ಕದ ಮನೆಯ ಬಾಗಿಲಿಗೆ ಬರೀ ಅಗಳಿ ಹಾಕಿ ಜಾತ್ರೆಗೆ ಹೋದಂತೆ. ಎಲ್ಲೋ ಕೂತ ಕಳ್ಳರ ಯಂತ್ರಗಳು ಇಂಥ ಬಾಗಿಲು ಹುಡುಕುತ್ತ, ಪಾಸ್‌ವರ್ಡ್ ಊಹಿಸುತ್ತ ದಿನವಿಡೀ ಓಡಾಡುತ್ತಿರುತ್ತವೆ. ಒಳಗೆ ನುಗ್ಗಿದರೆ ಫೈಲುಗಳಿಗೆಲ್ಲ ಬೀಗ ಜಡಿದು ಹಣ ಕೇಳುತ್ತಾರೆ. 2019ರ ಮೇ ತಿಂಗಳಲ್ಲಿ ಈ ವ್ಯವಸ್ಥೆಯಲ್ಲೇ ‘ಬ್ಲೂಕೀಪ್’ ಎಂಬ ದೊಡ್ಡ ತೂತು ಹೊರಬಿತ್ತು. ಪಾಸ್‌ವರ್ಡೇ ಬೇಡ, ಹಾಗೇ ನುಗ್ಗಬಹುದಿತ್ತು. ಕೈಬಿಟ್ಟಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಮತ್ತೆ ತೇಪೆ ಕೊಡಬೇಕಾಯಿತು ಎಂದರೆ ಅಪಾಯ ಎಷ್ಟಿತ್ತು, ನೀವೇ ಯೋಚಿಸಿ.

ದಾರಿ ಏನು? ವಿಪಿಎನ್. ವೈರ್‌ಗಾರ್ಡ್‌ನಂಥ ಬಿಟ್ಟಿ ತಂತ್ರಾಂಶ ಹಾಕಿ, ಮೊದಲು ಆ ಸುರಂಗದೊಳಗೆ ಬಂದವರಿಗೆ ಮಾತ್ರ ಯಂತ್ರ ಕಾಣುವಂತೆ ಮಾಡಿ. ಬ್ರಾಡ್‌ಬ್ಯಾಂಡ್ ಕಂಪನಿಗಳು ಹಲವು ಮನೆಗಳಿಗೆ ಒಂದೇ ಐಪಿ ವಿಳಾಸ ಹಂಚುವುದುಂಟು. ಆಗ ಹೊರಗಿನಿಂದ ನೇರ ದಾರಿಯೇ ಇರದು. ಸ್ಟ್ಯಾಟಿಕ್ ಐಪಿ ಕೇಳಿ ಪಡೆಯಿರಿ. ಇಲ್ಲವೆ ಬೇರೆಡೆ ಬಾಡಿಗೆಗೆ ಸಣ್ಣ ಸರ್ವರ್ ಹಿಡಿದು ಅದರ ಮೂಲಕ ಸುರಂಗ ಹಾಯಿಸಿ. ಒಬ್ಬೊಬ್ಬರಿಗೂ ಬೇರೆ ಬೇರೆ ಹೆಸರು, ಬೇರೆ ಬೇರೆ ಪಾಸ್‌ವರ್ಡ್ ಕೊಡಿ. ಕೆಲಸ ಬಿಟ್ಟವರ ಹೆಸರನ್ನು ಅವತ್ತೇ ತೆಗೆಯಿರಿ. ದಿನದ ಫೈಲುಗಳ ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿರಲಿ, ಪ್ರತಿ ಮಾಡಿದ ಮೇಲೆ ಆ ಡಿಸ್ಕನ್ನು ಕಳಚಿಡಿ. ಪೇಜ್‌ಮೇಕರಿನ ಹಳೆ ಎಕ್ಸ್‌ಪಿ ಯಂತ್ರವಿದ್ದರೆ ಅದಕ್ಕೆ ಇಂಟರ್‌ನೆಟ್ಟನ್ನೇ ಕೊಡಬೇಡಿ, ಹೊಸ ಯಂತ್ರದ ಹಿಂದೆ ಬಚ್ಚಿಡಿ.

ಇದರ ಜತೆಗೆ ಮನೆಯವರಿಗೂ ಒಂದು ಎಚ್ಚರಿಕೆ ಹೇಳಿ. ‘ಬ್ಯಾಂಕಿನಿಂದ ಮಾತಾಡುತ್ತಿದ್ದೇವೆ, ಈ ಆ್ಯಪ್ ಹಾಕಿಕೊಳ್ಳಿ, ಬಂದ ನಂಬರ್ ಹೇಳಿ’ ಎಂದು ಫೋನ್ ಬಂದರೆ ಅದು ಇದೇ ವಿದ್ಯೆಯ ಕಳ್ಳ ಉಪಯೋಗ. ನಿಮ್ಮ ಫೋನಿನ ಪರದೆ ಅವರ ಕೈಗೆ ಹೋಗುತ್ತದೆ. ರಿಸರ್ವ್ ಬ್ಯಾಂಕೇ 2019ರಲ್ಲಿ ಇದರ ಬಗ್ಗೆ ಎಚ್ಚರಿಸಿತ್ತು. ಈ ಎಚ್ಚರಿಕೆ ಹಳ್ಳಿಯ ಅಪ್ಪ ಅಮ್ಮಂದಿರಿಗೆ ತಿಳಿಯಬೇಕಾದರೆ ಕನ್ನಡದಲ್ಲಿ ತಿಳಿಯಬೇಕು. ಇಂಗ್ಲಿಷಿನ ಎಸ್ಸೆಮ್ಮೆಸ್ಸು ಓದಿ ಯಾರ ದುಡ್ಡು ಉಳಿದೀತು?

ನಾಲ್ಕನೆಯದು ಕನ್ನಡ. ಇಲ್ಲೇ ನಮ್ಮವರು ‘ಅಯ್ಯೋ, ಬರೋಲ್ಲ’ ಎಂದು ಕೈಚೆಲ್ಲಿ ಇಂಗ್ಲಿಷಿಗೆ ಜಾರುವುದು. ಗುಟ್ಟು ಸರಳ. ಕನ್ನಡದ ಕೀಲಿಮಣೆ ದೂರದ ಯಂತ್ರದಲ್ಲಿ ಆನ್ ಇರಲಿ, ಕೈ ಕೆಳಗಿನ ಯಂತ್ರದಲ್ಲಿ ಆಫ್ ಇರಲಿ. ಎರಡೂ ಕಡೆ ಆನ್ ಮಾಡಿದರೆ ಅಕ್ಷರಗಳು ಕಲಸುಮೇಲೋಗರ. ಲಿನಕ್ಸಿನಲ್ಲಿ ಐಬಸ್ ಮೂಲಕ ಕನ್ನಡ ಗಣಕ ಪರಿಷತ್ತಿನ ಕೆಜಿಪಿ ವಿನ್ಯಾಸವೇ ಸಿಗುತ್ತದೆ. ನುಡಿಯಲ್ಲಿ ಕೈ ಪಳಗಿದವರು ಹೊಸದಾಗಿ ಏನೂ ಕಲಿಯಬೇಕಿಲ್ಲ. ಹಳೆ ಫಾಂಟಿನ ಕನ್ನಡವನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ಕಾಪಿ ಮಾಡಿದರೆ ಇಂಗ್ಲಿಷ್ ಅಕ್ಷರಗಳ ಕಸವಾಗಿ ಬೀಳುತ್ತದೆ. ಯೂನಿಕೋಡ್ ಕನ್ನಡ ಕನ್ನಡವಾಗಿಯೇ ಬರುತ್ತದೆ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೇ ಜಾಗವಿದೆ. ಜಾಗ ಸಿಕ್ಕಿ ಮೂವತ್ತು ವರ್ಷದ ಮೇಲಾದರೂ ಹೋಗಿ ಕೂರದವರು ನಾವೇ! ಹೊಸ ಬರಹವೆಲ್ಲ ಯೂನಿಕೋಡಿನಲ್ಲಿರಲಿ. ಯಂತ್ರದ ಮೆನುಗಳನ್ನೂ ಕನ್ನಡಕ್ಕೆ ತಿರುಗಿಸಿ. ವಿಂಡೋಸಿಗೂ ಲಿನಕ್ಸಿಗೂ ಕನ್ನಡದ ಮುಖವಿದೆ. ಕೇಳುವವರಿಲ್ಲದೆ ಅದು ಮೂಲೆಯಲ್ಲಿ ಬಿದ್ದಿದೆ. ಬಳಕೆದಾರರ ಹೆಸರು, ಫೋಲ್ಡರಿನ ಹೆಸರು ಏನಿಡಬೇಕು ಎಂದು ತೀರ್ಮಾನಿಸುವುದು ಸರ್ವರ್ ಕಟ್ಟಿದವನು. ಬೇರೆಯವನು ಕಟ್ಟಿಕೊಟ್ಟರೆ ಅವನ ಭಾಷೆ, ನೀವು ಕಟ್ಟಿದರೆ ನಿಮ್ಮ ಭಾಷೆ. ಇದು ತಿಳಿಯದೆ ‘ಕಂಪ್ಯೂಟರಿನಲ್ಲಿ ಕನ್ನಡ ಇಲ್ಲ’ ಎಂದು ಬೀದಿಯಲ್ಲಿ ನಿಂತು ಕೂಗಿದರೆ ಯಾವ ಯಂತ್ರ ಕೇಳಿಸಿಕೊಳ್ಳುತ್ತದೆ?

‘ಎಲ್ಲವೂ ಕ್ಲೌಡಿನಲ್ಲಿ ಬಾಡಿಗೆಗೆ ಸಿಗುವಾಗ ಈ ರಗಳೆ ಯಾಕೆ?’ ಎಂದು ಕೆಲವರು ಕೇಳಬಹುದು. ಬಾಡಿಗೆ ಮನೆ ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ದೊಡ್ಡ ಕೆಲಸಕ್ಕೆ ಅದೇ ಸರಿ. ಕರೆಂಟು, ಬೆಂಕಿ, ಕಳ್ಳತನದ ಚಿಂತೆ ಅವರದ್ದಾಗುತ್ತದೆ. ಆದರೆ ಬಾಡಿಗೆ ಏರಿಸುವವನೂ ಅವನೇ, ಬೀಗ ಹಾಕುವವನೂ ಅವನೇ. ಒಮ್ಮೆಯಾದರೂ ಸ್ವಂತ ಸರ್ವರ್ ಕಟ್ಟಿದವನಿಗೆ ಬಾಡಿಗೆಯ ಕರಾರು ಓದಲು ಬರುತ್ತದೆ. ಕಟ್ಟದವನು ತೋರಿಸಿದಲ್ಲಿ ಹೆಬ್ಬೆಟ್ಟು ಒತ್ತುತ್ತಾನೆ.

ಆದ್ದರಿಂದ ಗೆಳೆಯರೆ, ಈ ತಿಂಗಳು ಒಂದು ಕೆಲಸ ಮಾಡಿ. ನಿಮ್ಮ ಬೀದಿಯ ಸಂಘದಲ್ಲಿ ನಾಲ್ಕು ಜನ ಸೇರಿ. ಒಂದು ಹಳೆ ಕಂಪ್ಯೂಟರ್ ಹೊಂದಿಸಿ. ಅದಕ್ಕೆ ಲಿನಕ್ಸ್ ಹಾಕಿ, ಕನ್ನಡ ಹಾಕಿ, ವಿಪಿಎನ್ ಹಾಕಿ, ಆಮೇಲೆ ನಿಮ್ಮ ನಿಮ್ಮ ಮನೆಯಿಂದ ಅದರೊಳಗೆ ಕೂತು ಒಂದು ಪುಟ ಕನ್ನಡ ಬರೆಯಿರಿ. ಕೆಡುತ್ತದೆ, ಸರಿ ಮಾಡಿ. ಮತ್ತೆ ಕೆಡುತ್ತದೆ, ಮತ್ತೆ ಸರಿ ಮಾಡಿ. ಕಲಿತದ್ದನ್ನು ಪಕ್ಕದ ಅಂಗಡಿಯವರಿಗೆ, ಪ್ರೆಸ್ಸಿನವರಿಗೆ ಮಾಡಿಕೊಟ್ಟು ಕೂಲಿ ಕೇಳಿ, ನಾಚಿಕೆ ಬೇಡ. ಊರಿಗೆ ಹತ್ತು ಹುಡುಗರು ಈ ವಿದ್ಯೆ ಬಲ್ಲವರಾದರೆ, ನಾಳೆ ಕಚೇರಿಯ ಕಿಟಕಿಯಲ್ಲಿ ‘ಸರ್ವರ್ ಇಲ್ಲ’ ಎಂದಾಗ ತಲೆ ತಗ್ಗಿಸಿ ವಾಪಸ್ ಬರುವುದಿಲ್ಲ. ‘ಯಾಕಿಲ್ಲ? ಯುಪಿಎಸ್ ಇಲ್ಲವೋ, ರೌಟರ್ ಸತ್ತಿದೆಯೋ, ನೋಡಿಕೊಳ್ಳುವವರೇ ಇಲ್ಲವೋ?’ ಎಂದು ಕನ್ನಡದಲ್ಲಿ ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಕೊಡಲೇಬೇಕಾಗುತ್ತದೆ.