ತಿರಸ್ಕಾರ ಪತ್ರವೇ ಕೊನೆಯಲ್ಲ

ವಿಮೆಗೆ ಪರಮ ವಿಶ್ವಾಸವೇ ಆಧಾರ ಎಂದು ವ್ಯವಹಾರ ಅಧ್ಯಯನದಲ್ಲಿ ಓದಿದ್ದೇವೆ. ಆ ವಿಶ್ವಾಸ ಎರಡೂ ಕಡೆ ಇರಬೇಕಲ್ಲವೇ? ನಮ್ಮ ಓಣಿಯ ಖಾಲಾ ಒಬ್ಬರ ಸೊಂಟದ ಆಪರೇಶನ್‌ಗೆ ವಿಮಾ ಕಂಪನಿ ಹಣ ಕೊಟ್ಟಿತು. ನಡೆಯಲು ಬೇಕಾದ ವಾಕರ್‌ಗೆ ಕೊಡಲಿಲ್ಲ. ಸಾಮಾನ್ಯ ಪಾಲಿಸಿಯಲ್ಲಿ ಹಣ ಸಿಗದ ವಸ್ತುಗಳೆಂದು ವಿಮಾ ನಿಯಂತ್ರಣ ಪ್ರಾಧಿಕಾರ ಮಾಡಿದ ಪಟ್ಟಿಯಲ್ಲೇ ನಡಿಗೆಯ ಸಾಧನಗಳಿವೆ. ಎಲುಬು ಕೂಡಿಸಿ ಮನುಷ್ಯರನ್ನು ಮಂಚದ ಮೇಲೇ ಬಿಟ್ಟರೆ ಅದೆಂಥ ಚಿಕಿತ್ಸೆ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಮಾನ ಬದುಕಿನ ಮಾತು ಆಡುತ್ತದೆ. ಈ ಪಟ್ಟಿ ಬದಲಾಗಲೇಬೇಕು.

ಅಲ್ಲಿಯವರೆಗೆ ಸುಮ್ಮನಿರಬೇಕಿಲ್ಲ. ಕ್ಲೇಮ್ ತಿರಸ್ಕರಿಸಿದರೆ ಯಾವ ಷರತ್ತಿನ ಪ್ರಕಾರ ಎಂದು ಲಿಖಿತವಾಗಿ ಕೇಳಬೇಕು. ಆ ಷರತ್ತು ಪಾಲಿಸಿಯಲ್ಲಿ ಇಲ್ಲದಿದ್ದರೆ ಮೊದಲು ಕಂಪನಿಗೇ ದೂರು ಕೊಡಬೇಕು. 30 ದಿನದಲ್ಲಿ ಸರಿಯಾದ ಉತ್ತರ ಬಾರದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ ಬರೆಯಬಹುದು. ಶುಲ್ಕವಿಲ್ಲ, ವಕೀಲರೂ ಬೇಡ. ಷರತ್ತು ಇದ್ದೇ ಇದ್ದರೆ ಇನ್ನೊಂದು ದಾರಿಯಿದೆ: ಶೇ 40ರಷ್ಟು ಅಂಗವಿಕಲತೆಯ ಪ್ರಮಾಣಪತ್ರವಿರುವ, ಕಡಿಮೆ ಆದಾಯದವರಿಗೆ ಕೇಂದ್ರದ ಎಡಿಐಪಿ ಯೋಜನೆಯಲ್ಲಿ ಗಾಲಿಕುರ್ಚಿ, ಶ್ರವಣ ಸಾಧನ ಸಿಗುತ್ತವೆ.

ನಮ್ಮ ಮನೆಗಳಲ್ಲಿ ಉರ್ದು, ಮಹಾಲಿಂಗಪುರದ ಪೇಟೆಯಲ್ಲಿ ಕನ್ನಡ, ಪಾಲಿಸಿ ಮಾತ್ರ ಇಂಗ್ಲಿಷ್. ಮೂರೂ ಬಲ್ಲ ವಾಣಿಜ್ಯ ವಿದ್ಯಾರ್ಥಿಗಳು ನಾವು. ವಾರಕ್ಕೊಂದು ತಾಸು ಕಾಲೇಜಿನಲ್ಲಿ ಕುಳಿತು ಇಂಥವರ ಅರ್ಜಿ ಬರೆದುಕೊಡೋಣ. ಪ್ರಾಚಾರ್ಯರು ಒಂದು ಕೋಣೆ ಕೊಟ್ಟರೆ ಸಾಕು.