ತಿಳಿಸಾರೂ ಸಸಾರಜನಕವೂ

"ಊಟ ಬಲ್ಲವನಿಗೆ ರೋಗವಿಲ್ಲ" ಎಂಬುದು ನಮ್ಮ ಹಿರಿಯರ ಮಾತು. ಈ ಗಾದೆಯನ್ನು ವಿಸ್ತರಿಸಿ ಬರೆದು ಪರೀಕ್ಷೆಯಲ್ಲಿ ಅಂಕ ಪಡೆದವರು ನಮ್ಮಲ್ಲಿ ಅನೇಕರಿದ್ದಾರೆ. ತಟ್ಟೆಯ ಮುಂದೆ ಕುಳಿತಾಗ ಅದನ್ನು ನೆನೆಯುವವರು ಮಾತ್ರ ವಿರಳ. ಊಟ ಬಲ್ಲವನೆಂದರೆ ಹೆಚ್ಚು ಉಣ್ಣುವವನಲ್ಲ, ರುಚಿಯಾದುದನ್ನೇ ಆರಿಸಿ ತಿನ್ನುವವನೂ ಅಲ್ಲ. ತನ್ನ ತಟ್ಟೆಯಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಅರಿತವನೇ ಊಟ ಬಲ್ಲವನು. ಈ ದೃಷ್ಟಿಯಿಂದ ನೋಡಿದರೆ ನಮ್ಮ ತಟ್ಟೆಗಳಲ್ಲಿ ಅನ್ನದ ರಾಶಿ ದೊಡ್ಡದು, ಅದರ ಮೇಲೆ ಬೀಳುವ ಸಾರು ಮಾತ್ರ ಬಲು ತೆಳು. ಈ ತೆಳುವಾದ ಸಾರಿನ ವಿಚಾರವಾಗಿಯೇ ಸಹಪಾಠಿಗಳ ಹಾಗೂ ಗುರುಗಳ ಮುಂದೆ ನಾಲ್ಕು ಮಾತುಗಳನ್ನಿಡಲು ಇಲ್ಲಿ ಯತ್ನಿಸಿದ್ದೇನೆ.

ಆಹಾರದಲ್ಲಿ ಪಿಷ್ಟವೂ ಕೊಬ್ಬೂ ಒಲೆಗೆ ಸೌದೆಯಿದ್ದಂತೆ. ಸಸಾರಜನಕವು ಮನೆ ಕಟ್ಟುವ ಇಟ್ಟಿಗೆಯಿದ್ದಂತೆ. ಇದರ ಇನ್ನೊಂದು ಹೆಸರಾದ ಪ್ರೋಟೀನ್ ಎಂಬ ಪದವನ್ನು ಡಚ್ ರಸಾಯನಶಾಸ್ತ್ರಜ್ಞ ಮುಲ್ಡರನು 1838ರಲ್ಲಿ ಬಳಕೆಗೆ ತಂದನು. 'ಮೊದಲ ಸ್ಥಾನದ್ದು' ಎಂಬ ಅರ್ಥದ ಗ್ರೀಕ್ ಮಾತಿನಿಂದ ಅದು ಹುಟ್ಟಿತು. ಹೆಸರು ತಕ್ಕದ್ದೇ ಸರಿ. ಸ್ನಾಯು, ಚರ್ಮ, ಕೂದಲು, ರಕ್ತದ ಕೆಂಬಣ್ಣದ ವಸ್ತು, ಅನ್ನವನ್ನು ಅರಗಿಸುವ ಕಿಣ್ವಗಳು, ರೋಗದೊಡನೆ ಹೋರಾಡುವ ಪ್ರತಿಕಾಯಗಳು ಇವೆಲ್ಲಕ್ಕೂ ಅದೇ ಆಧಾರ. ಆದರೆ ಕೊಬ್ಬನ್ನು ಕೂಡಿಡುವಂತೆ ಸಸಾರಜನಕವನ್ನು ಕೂಡಿಡುವ ಉಗ್ರಾಣ ದೇಹದಲ್ಲಿಲ್ಲ. ಹಬ್ಬದ ದಿನ ಒಬ್ಬಟ್ಟು, ಕೋಸಂಬರಿಗಳನ್ನು ಉಂಡು ಉಳಿದ ದಿನ ತಿಳಿನೀರಿನಲ್ಲಿ ಅನ್ನ ಕಲಸಿದರೆ ಲೆಕ್ಕ ಸರಿಹೋಗದು. ಅದು ದಿನದಿನವೂ ಬೇಕು.

ಇದರ ಕೊರತೆ ಎಷ್ಟು ಕ್ರೂರವಾಗಬಹುದೆಂಬುದನ್ನು ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ 1933ರಲ್ಲಿ ಲೋಕಕ್ಕೆ ತಿಳಿಸಿದರು. ಈಗ ಘಾನಾ ಎನಿಸಿರುವ ಗೋಲ್ಡ್ ಕೋಸ್ಟಿನಲ್ಲಿ ಮೈ ಬಾತು, ಕೂದಲು ಬಣ್ಣಗೆಟ್ಟು, ಚರ್ಮ ಸುಲಿದು ಮಕ್ಕಳು ಸಾಯುತ್ತಿದ್ದುದನ್ನು ಆಕೆ ಕಂಡರು. ತಾಯಿಯ ಹಾಲು ತಪ್ಪಿದ ಮೇಲೆ ಮುಸುಕಿನ ಜೋಳದ ಗಂಜಿಯೇ ಆ ಕೂಸುಗಳ ಆಹಾರವಾಗಿತ್ತು. ಮುಂದೆ ಆ ಕಾಯಿಲೆಗೆ ಆಕೆ ಉಳಿಸಿದ ಹೆಸರು ಆ ನಾಡಿನದೇ ಆದ 'ಕ್ವಾಷಿಯೋರ್ಕರ್'. ತಂಗಿಯೋ ತಮ್ಮನೋ ಹುಟ್ಟಿದಾಗ ಹಿರಿಯ ಕೂಸಿಗೆ ಬರುವ ರೋಗವೆಂದು ಅದರ ಭಾವ. ಕಾಲೇಜಿನ ವಿದ್ಯಾರ್ಥಿಗೆ ಇಂತಹ ರೋಗ ಬಾರದು, ನಿಜ. ಆದರೆ ಸ್ನಾಯು ಸೊರಗುವುದು, ಗಾಯ ಬೇಗ ಮಾಯದಿರುವುದು, ಸೋಂಕಿಗೆ ಸುಲಭವಾಗಿ ತುತ್ತಾಗುವುದು ಇವು ಸದ್ದಿಲ್ಲದೆ ಬರುವ ನಷ್ಟಗಳು.

ಹಾಗಾದರೆ ಎಷ್ಟು ಬೇಕು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಗೆ ಸೇರಿದ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2020ರಲ್ಲಿ ಹೇಳಿರುವಂತೆ, ದೇಹದ ತೂಕದ ಪ್ರತಿ ಕಿಲೋಗೆ ದಿನವೊಂದಕ್ಕೆ 0.83 ಗ್ರಾಂ. 65 ಕಿಲೋ ತೂಕದ ಗಂಡಸಿಗೆ ಸುಮಾರು 54 ಗ್ರಾಂ, 55 ಕಿಲೋ ತೂಕದ ಹೆಂಗಸಿಗೆ ಸುಮಾರು 46 ಗ್ರಾಂ ಆಯಿತು. ಲೆಕ್ಕ ಮಾಡೋಣ. ದಿನಕ್ಕೆ ಅಕ್ಕಿ ರಾಗಿ ಸೇರಿ 300 ಗ್ರಾಂ ತಿಂದರೆ ದೊರೆಯುವುದು ಸುಮಾರು 22 ಗ್ರಾಂ ಸಸಾರಜನಕ. 100 ಗ್ರಾಂ ಬೇಳೆಕಾಳಿನಿಂದ ಮತ್ತೆ 22 ಗ್ರಾಂ. 300 ಮಿಲಿಲೀಟರ್ ಹಾಲು ಅಥವಾ ಮೊಸರಿನಿಂದ ಸುಮಾರು 10 ಗ್ರಾಂ. ಒಟ್ಟು 54. ಪವಾಡವೂ ಇಲ್ಲ, ಪರದೇಶದ ಡಬ್ಬಿಯೂ ಇಲ್ಲ! ಆದರೆ ಆ 100 ಗ್ರಾಂ ಬೇಳೆ 30 ಗ್ರಾಮಿಗೆ ಇಳಿದರೆ ಒಂದೇ ಪೆಟ್ಟಿಗೆ 15 ಗ್ರಾಂ ಖೋತಾ. ನಮ್ಮ ಅನೇಕರ ಮನೆಗಳಲ್ಲೂ ವಿದ್ಯಾರ್ಥಿನಿಲಯಗಳಲ್ಲೂ ಆಗುತ್ತಿರುವುದು ಇದೇ ಎಂಬುದು ನನ್ನ ಅಭಿಪ್ರಾಯ.

ದೇಶದ ಲೆಕ್ಕವೂ ಇದಕ್ಕೆ ಒತ್ತಾಸೆಯಾಗಿದೆ. 1961ರಲ್ಲಿ ಭಾರತದಲ್ಲಿ ತಲೆಗೆ ದಿನವೊಂದಕ್ಕೆ 69 ಗ್ರಾಂ ಬೇಳೆಕಾಳು ದೊರೆಯುತ್ತಿತ್ತು. 2011ರಲ್ಲಿ ಅದು 43 ಗ್ರಾಂ ಆಗಿತ್ತು. ಹಸಿರು ಕ್ರಾಂತಿಯು ಗೋಧಿ ಭತ್ತಗಳ ಕಣಜ ತುಂಬಿ ದೇಶವನ್ನು ಹಸಿವಿನಿಂದ ಕಾಪಾಡಿತು. ಅದಕ್ಕೆ ನಾವು ಋಣಿಗಳು. ಆದರೆ ಮಳೆಯನ್ನೇ ನಂಬಿದ ತೊಗರಿ, ಹುರುಳಿ, ಅವರೆಗಳ ಹೊಲಕ್ಕೆ ಆ ಭಾಗ್ಯ ಅಷ್ಟಾಗಿ ಬರಲಿಲ್ಲ.

ನಮ್ಮ ಹಿರಿಯರಿಗೆ ರಸಾಯನಶಾಸ್ತ್ರ ತಿಳಿದಿರಲಿಲ್ಲ, ಅಡಿಗೆ ತಿಳಿದಿತ್ತು. ಅಕ್ಕಿ ರಾಗಿಗಳ ಸಸಾರಜನಕದಲ್ಲಿ ಲೈಸೀನ್ ಎಂಬ ಅಮೈನೋ ಆಮ್ಲ ಕಡಮೆ, ಬೇಳೆಯಲ್ಲಿ ಅದು ಧಾರಾಳ. ಬೇಳೆಯಲ್ಲಿ ಮಿಥಿಯೋನೀನ್ ಕಡಮೆ, ಧಾನ್ಯದಲ್ಲಿ ಅದು ತಕ್ಕಷ್ಟು. ಎರಡೂ ಕೂಡಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಅಕ್ಕಿಯೊಡನೆ ಉದ್ದು ರುಬ್ಬಿದ ಇಡ್ಲಿ, ಹೆಸರುಬೇಳೆ ಹಾಕಿದ ಹುಗ್ಗಿ, ಮುದ್ದೆಯೊಡನೆ ಹುರುಳಿಯ ಬಸ್ಸಾರು, ಜೋಳದ ರೊಟ್ಟಿಯೊಡನೆ ಕಾಳುಪಲ್ಯ ಇವುಗಳಲ್ಲಿ ಅಡಗಿರುವ ಜಾಣ್ಮೆ ಇದೇ. ಮೂರು ಪಾಲು ಧಾನ್ಯಕ್ಕೆ ಒಂದು ಪಾಲು ಬೇಳೆ ಎಂದು ಇಂದಿನ ಪೋಷಣ ತಜ್ಞರು ಹೇಳುವ ಅಳತೆಯೂ ಈ ಅಡಿಗೆಗಳಿಂದ ಬಹಳ ದೂರವಿಲ್ಲ.

ಇನ್ನು ವ್ಯಾಯಾಮಶಾಲೆಗೆ ಹೋಗುವ ನಮ್ಮ ಕೆಲವು ಮಿತ್ರರ ವಿಚಾರ. ಬೆಳಗಿನ ತಿಂಡಿಗೆ ಚಕ್ಕರ್ ಹೊಡೆದು, ಸಾವಿರಾರು ರೂಪಾಯಿ ತೆತ್ತು ತಂದ ಪ್ರೋಟೀನ್ ಪುಡಿಯನ್ನು ಕಲಸಿ ಕುಡಿಯುವುದು ಈಗಿನ ರೂಢಿ. ಹೊಟ್ಟೆಗೆ ಸಾಲುವಷ್ಟು ಅನ್ನವೇ ಇಲ್ಲದಿದ್ದರೆ ದೇಹವು ಸಸಾರಜನಕವನ್ನೂ ಸೌದೆಯಂತೆ ಉರಿಸಿಬಿಡುತ್ತದೆ. ಅದು ಶ್ರೀಗಂಧದ ಕೊರಡನ್ನು ಬಚ್ಚಲೊಲೆಗೆ ಹಾಕಿದಂತೆ! ಸಸಾರಜನಕದ ಕೊರತೆಯನ್ನು ಮಾತ್ರ ಎತ್ತಿ ಹೇಳಿ ಒಟ್ಟು ಆಹಾರದ ಕೊರತೆಯನ್ನು ಮರೆಯಬಾರದೆಂದು ಡೊನಾಲ್ಡ್ ಮೆಕ್ಲಾರೆನ್ ಎಂಬ ವಿಜ್ಞಾನಿ 1974ರಲ್ಲಿಯೇ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ವಾದಿಸಿದ್ದುಂಟು. ಇಂತಹ ಪುಡಿಗಳನ್ನು ಬಳಸದಿರುವುದೇ ಲೇಸೆಂದು ಪೋಷಣ ಸಂಸ್ಥೆಯೂ 2024ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ಹುರಿದ ಕಡಲೆಕಾಯಿ, ನೆನೆಸಿದ ಕಡಲೆ, ಮೊಳಕೆ ಬಂದ ಹೆಸರು ಇವು ನಮ್ಮ ಸಂತೆಯಲ್ಲೇ ಸಿಗುವಾಗ ಡಬ್ಬಿಯ ಮೋಹವೇಕೆ?

ಆದರೆ ಇದು ಕೇವಲ ತಿಳಿವಳಿಕೆಯ ಪ್ರಶ್ನೆಯಲ್ಲ; ನ್ಯಾಯದ ಪ್ರಶ್ನೆಯೂ ಹೌದು. ಸಾರು ತಿಳಿಯಾಗುವುದು ಅಡಿಗೆಯವನ ಅಜ್ಞಾನದಿಂದಲ್ಲ, ಬೇಳೆಯ ಬೆಲೆಯಿಂದ. ಮನೆಯಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ತಾಯಿಗೆ ಬೇಳೆ ತಳದಲ್ಲಿಯೂ ಉಳಿದಿರುವುದಿಲ್ಲ. ಗರ್ಭಿಣಿಗೆ ಕೊನೆಯ ಮೂರು ತಿಂಗಳಲ್ಲಿ ದಿನಕ್ಕೆ 22 ಗ್ರಾಂ ಹೆಚ್ಚಿಗೆ ಬೇಕೆನ್ನುತ್ತಾರೆ ತಜ್ಞರು, ಕೊಡುವವರಾರು? ಸರ್ಕಾರವು ಈ ದಿಕ್ಕಿನಲ್ಲಿ ಕೆಲವು ಹೆಜ್ಜೆಗಳನ್ನಿಟ್ಟಿದೆ. 2013ರಲ್ಲಿ ಕ್ಷೀರಭಾಗ್ಯದ ಹಾಲು ಶಾಲೆಯ ಮಕ್ಕಳಿಗೆ ಬಂತು. 2021ರ ಡಿಸೆಂಬರಿನಲ್ಲಿ ಬೀದರ್, ಕಲಬುರಗಿ, ರಾಯಚೂರು ಮೊದಲಾದ ಏಳು ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಬಂತು, ಒಲ್ಲದವರಿಗೆ ಬಾಳೆಹಣ್ಣು ಬಂತು. ಆಮೇಲೆ ಅದು ನಾಡಿಗೆಲ್ಲ ಹರಡಿತು. ಮೊಟ್ಟೆಯ ಸುತ್ತ ವಾದವಿವಾದಗಳೆದ್ದುದು ಎಲ್ಲರಿಗೂ ತಿಳಿದದ್ದೇ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಉತ್ತಮ ಸಸಾರಜನಕವಿದೆ. ಬಾಳೆಹಣ್ಣಿನಲ್ಲಿ 1 ಗ್ರಾಮಿನಷ್ಟು. ಒಲ್ಲದವನಿಗೆ ಬಲವಂತ ಬೇಡ, ಬೇಕೆಂಬವನಿಗೆ ತಡೆಯೂ ಬೇಡ. ಆದರೆ ಮೊಟ್ಟೆ ಒಲ್ಲದ ಮಗುವಿಗೆ ಹಣ್ಣಿನ ಬದಲು ಕಡಲೆಕಾಯಿಯ ಚಿಕ್ಕಿಯನ್ನೋ ಕಾಳಿನ ಉಸಲಿಯನ್ನೋ ಕೊಡುವುದೇ ಸರಿಯಾದ ಸಮಾನತೆಯಲ್ಲವೆ? ಅನ್ನಭಾಗ್ಯದ ಹೆಚ್ಚುವರಿ 5 ಕಿಲೋ ಅಕ್ಕಿಗೆ ಬದಲಾಗಿ ತೊಗರಿಬೇಳೆ, ಎಣ್ಣೆ ಮುಂತಾದವುಗಳನ್ನು ಕೊಡಲು 2025ರ ಅಕ್ಟೋಬರಿನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿದ್ದು ಸಹ ಸ್ವಾಗತಾರ್ಹ. ಅಕ್ಕಿಯಿಂದ ಹೊಟ್ಟೆ ತುಂಬಿತು. ಇನ್ನು ಬೇಳೆಯಿಂದ ಮೈ ತುಂಬಬೇಕಾಗಿದೆ.

ಈ ಕಾರ್ಯದಲ್ಲಿ ನಮ್ಮ ನಾಡಿಗೆ ಹಳೆಯ ಕೀರ್ತಿಯೂ ಉಂಟು. ಮೈಸೂರಿನ ಚೆಲುವಾಂಬ ಮಹಲಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟು ಮೂರು ಪಾಲು, ಕಡಲೆ ಹಿಟ್ಟು ಒಂದು ಪಾಲು ಬೆರೆಸಿ, ಜೀವಸತ್ವಗಳನ್ನು ಕೂಡಿಸಿ, ಬಡವರ ಊಟಕ್ಕೆ ಬಲ ಕೊಡುವ ಒಂದು ಹಿಟ್ಟನ್ನು ಸಿದ್ಧಪಡಿಸಿತು. ಇತ್ತ ಕಲಬುರಗಿಯ ತೊಗರಿಬೇಳೆ 2019ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಪಡೆಯಿತು. ವಿದ್ಯೆಯೂ ಇಲ್ಲಿದೆ, ಬೆಳೆಯೂ ಇಲ್ಲಿದೆ. ತಟ್ಟೆಗೆ ಬರುವ ದಾರಿ ಮಾತ್ರ ಆಗಬೇಕು.

ಆ ದಾರಿಯನ್ನು ನಮ್ಮಿಂದಲೇ ತೊಡಗಬಹುದು. ವಿದ್ಯಾರ್ಥಿನಿಲಯಗಳಲ್ಲಿ ಅಡಿಗೆಗೆ ಮುನ್ನ ಬೇಳೆಯನ್ನು ತೂಗಿ, ತಲೆಗೆ ಎಷ್ಟು ಗ್ರಾಂ ಬಿತ್ತೆಂಬುದನ್ನು ಹಲಗೆಯ ಮೇಲೆ ಬರೆಯುವ ಪದ್ಧತಿ ಬರಲಿ. ವಿದ್ಯಾರ್ಥಿಗಳೇ ಸರದಿಯ ಮೇಲೆ ಅದನ್ನು ನೋಡಿಕೊಳ್ಳಲಿ. ಕ್ಯಾಂಟೀನಿನಲ್ಲಿ ಬೋಂಡದ ಪಕ್ಕದಲ್ಲಿ ಒಂದು ತಟ್ಟೆ ಉಸಲಿಯೂ ಸಿಗಲಿ. ಒಬ್ಬರ ಬುತ್ತಿಯಲ್ಲಿ ಮೊಟ್ಟೆ ಮೀನುಗಳಿರಲಿ, ಇನ್ನೊಬ್ಬರದರಲ್ಲಿ ಕಾಳಿರಲಿ. ಬುತ್ತಿಯನ್ನು ನೋಡಿ ಮೂಗು ಮುರಿಯುವ ಅಭ್ಯಾಸ ನಮ್ಮಲ್ಲಿ ತೊಲಗಲಿ. ಜ್ವರದಿಂದೆದ್ದವನಿಗೆ ತಿಳಿಸಾರು ಅಮೃತವೇ ಸರಿ. ಆದರೆ ಓದುವ, ದುಡಿಯುವ, ನಾಳೆಯ ನಾಡನ್ನು ಹೊರಬೇಕಾದ ತರುಣ ತರುಣಿಯರಿಗೆ ಸೌಟಿಗೆ ಬೇಳೆ ಸಿಗುವಂತಹ ಸಾರು ಬೇಕು. ಅದನ್ನು ಕೇಳುವುದು ಹೊಟ್ಟೆಬಾಕತನವಲ್ಲ, ಹಕ್ಕು.